ಕಣ್ಣು ಮತ್ತು ಮಿದುಳು: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ, ವಾಚನಾಲಯಗಳಲ್ಲಿ ಕಣ್ಣಿನ ಬಗ್ಗೆ ಮಾತಾಡಲು ಹೋದಾಗ ಮಕ್ಕಳೂ ದೊಡ್ಡವರೂ ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವು ಎಳೆದಷ್ಟೂ ಉದ್ದ ಹೋಗುತ್ತವೆ. ಕಣ್ಣಿಗೆ ತೊಂದರೆ ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ನಿಜವಾಗಿ ನೋಡುವುದು ಕಣ್ಣಾ, ಮಿದುಳಾ?

ಎರಡೂ ಸೇರಿ. ಆದರೆ ಮಿದುಳಿನ ಪಾಲು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಬೆಳಕು ಮೊದಲು ಕಣ್ಣಿನ ಮುಂಭಾಗದ ಕಾರ್ನಿಯಾ ದಾಟುತ್ತದೆ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರನೇ ಎರಡು ಪಾಲು ಅಲ್ಲೇ ಮುಗಿಯುತ್ತದೆ. ಉಳಿದದ್ದನ್ನು ಒಳಗಿನ ಲೆನ್ಸ್ ಹೊಂದಿಸುತ್ತದೆ. ನಲವತ್ತು ದಾಟಿದ ಮೇಲೆ ಈ ಲೆನ್ಸ್ ಬಿಗಿಯಾಗುತ್ತದೆ, ಚಾಳೀಸು ಬರುತ್ತದೆ. ಕೊನೆಗೆ ಬೆಳಕು ಹಿಂಭಾಗದ ರೆಟಿನಾ ಮೇಲೆ ಬೀಳುತ್ತದೆ. ಅಲ್ಲಿ ಸುಮಾರು 12 ಕೋಟಿ ರಾಡ್ ಕೋಶಗಳು, 60 ಲಕ್ಷ ಕೋನ್ ಕೋಶಗಳು ಇವೆ. ರಾಡ್ ಮಬ್ಬು ಬೆಳಕಿಗೆ. ಕೋನ್ ಹಗಲಿಗೆ ಮತ್ತು ಬಣ್ಣಕ್ಕೆ.

ಇಷ್ಟು ಕೋಶಗಳಿದ್ದರೂ ಕಣ್ಣಿನಿಂದ ಹೊರಡುವ ನರದಲ್ಲಿ ಇರುವ ಎಳೆಗಳು ಹತ್ತು-ಹನ್ನೆರಡು ಲಕ್ಷ ಮಾತ್ರ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ರೆಟಿನಾವೇ ಸೋಸಿಬಿಡುತ್ತದೆ. ಎಲ್ಲಿ ಅಂಚು ಇದೆ, ಎಲ್ಲಿ ಬೆಳಕು ಬದಲಾಯಿತು, ಯಾವುದು ಅಲುಗಾಡಿತು, ಇಂಥದ್ದಷ್ಟೇ ಮುಂದೆ ಹೋಗುತ್ತದೆ.

ಈ ಸುದ್ದಿ ಥಲಾಮಸ್ ಎಂಬ ಭಾಗ ಹಾದು ತಲೆಯ ಹಿಂಬದಿಯ ದೃಷ್ಟಿ ಮಿದುಳಿಗೆ ತಲುಪುತ್ತದೆ. ತಮಾಷೆ ಏನೆಂದರೆ, ಥಲಾಮಸಿನ ಆ ಜಾಗಕ್ಕೆ ಬಂದು ಸೇರುವ ನರಗಳ ಜೋಡಣೆಗಳಲ್ಲಿ ಕಣ್ಣಿನಿಂದ ಬಂದವು ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಉಳಿದವುಗಳಲ್ಲಿ ಬಹಳಷ್ಟು ಮೇಲಿನ ಮಿದುಳಿನಿಂದಲೇ ಕೆಳಗೆ ಇಳಿದು ಬರುತ್ತವೆ. ಹಾಗಾಗಿ ಇಂದು ಅನೇಕ ವಿಜ್ಞಾನಿಗಳು ಹೇಳುವುದು ಇದು: ಮಿದುಳು ಮೊದಲೇ ಒಂದು ಊಹೆ ಮಾಡಿಕೊಂಡಿರುತ್ತದೆ, ಕಣ್ಣು ಅದನ್ನು ತಿದ್ದುತ್ತಾ ಹೋಗುತ್ತದೆ. ಮುಂದಿನ ಹೆಚ್ಚಿನ ಉತ್ತರಗಳ ಕೀಲಿ ಇಲ್ಲೇ ಇದೆ.

ಎಡಗಣ್ಣು ನೋಡಿದ್ದು ಬಲ ಮಿದುಳಿಗೆ ಹೋಗುತ್ತದೆ ಅಂತಾರಲ್ಲ?

ಅರ್ಧ ಸರಿ. ಎರಡೂ ಕಣ್ಣುಗಳು ಕಂಡ ಎಡ ಅರ್ಧ ಬಲ ಮಿದುಳಿಗೆ ಹೋಗುತ್ತದೆ, ಬಲ ಅರ್ಧ ಎಡ ಮಿದುಳಿಗೆ. ಅದಕ್ಕೇ ಪಾರ್ಶ್ವವಾಯು ಆದ ಕೆಲವರು ಒಂದೇ ಬದಿಯ ಬಾಗಿಲಿಗೆ, ಮೇಜಿಗೆ ಪದೇ ಪದೇ ಬಡಿದುಕೊಳ್ಳುತ್ತಾರೆ. ಕನ್ನಡಕ ಬದಲಿಸಿದರೆ ಅದು ಸರಿಹೋಗುವುದಿಲ್ಲ. ಕಣ್ಣು ಚೆನ್ನಾಗಿಯೇ ಇರುತ್ತದೆ.

ಚಿತ್ರ ರೆಟಿನಾ ಮೇಲೆ ತಲೆಕೆಳಗಾಗಿ ಬೀಳುತ್ತದಂತೆ. ಅದನ್ನು ನೆಟ್ಟಗೆ ಮಾಡುವವರು ಯಾರು?

ಯಾರೂ ಮಾಡುವುದಿಲ್ಲ. ಮಿದುಳಿನ ಒಳಗೆ ಪರದೆಯೂ ಇಲ್ಲ, ಅದನ್ನು ನೋಡುತ್ತಾ ಕೂತವರೂ ಇಲ್ಲ. ರೆಟಿನಾದ ಕೆಳಭಾಗದಿಂದ ಸುದ್ದಿ ಬಂದರೆ ವಸ್ತು ಮೇಲಿದೆ ಎಂದು ಮಿದುಳು ಓದಿಕೊಳ್ಳುತ್ತದೆ, ಅಷ್ಟೇ. ಬಿಂಬ ತಲೆಕೆಳಗಾಗಿರುತ್ತದೆ ಎಂದು ಕೆಪ್ಲರ್ 1604ರಲ್ಲೇ ಬರೆದಿದ್ದ. 1896ರ ಹೊತ್ತಿಗೆ ಅಮೆರಿಕದ ಜಾರ್ಜ್ ಸ್ಟ್ರಾಟನ್ ಎಲ್ಲವನ್ನೂ ಬುಡಮೇಲು ತೋರಿಸುವ ಲೆನ್ಸ್ ಕಣ್ಣಿಗೆ ಕಟ್ಟಿಕೊಂಡು ದಿನಗಟ್ಟಲೆ ಓಡಾಡಿದ. ಮೊದಲು ಒಂದು ಲೋಟ ಹಿಡಿಯಲೂ ಕಷ್ಟ. ಕೆಲವೇ ದಿನಗಳಲ್ಲಿ ಕೈಕಾಲು ಹೊಸ ಲೆಕ್ಕಕ್ಕೆ ಒಗ್ಗಿಕೊಂಡಿತು.

ನಮ್ಮ ಕಣ್ಣು ಎಷ್ಟು ಮೆಗಾಪಿಕ್ಸೆಲ್?

ಮೊಬೈಲ್ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಇದು, ಕಣ್ಣಿಗೆ ಹೊಂದುವುದಿಲ್ಲ. ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ನೀವು ಸರಿಯಾಗಿ, ಸ್ಪಷ್ಟವಾಗಿ ನೋಡುವ ಜಾಗ ಹೆಚ್ಚುಕಡಿಮೆ ಅಷ್ಟೇ. ಅದು ರೆಟಿನಾದ ನಡುವಿನ ಫೋವಿಯಾ ಎಂಬ ಸಣ್ಣ ಗುಳಿಯ ಕೆಲಸ. ಅದರಾಚೆಗೆ ಎಲ್ಲವೂ ಮಸುಕು. ಆದರೂ ಇಡೀ ಕೋಣೆ ಸ್ಪಷ್ಟ ಇದ್ದಂತೆ ಅನಿಸುತ್ತದೆ, ಅಲ್ವಾ? ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಅಲ್ಲಿಂದಿಲ್ಲಿಗೆ ನೆಗೆಯುತ್ತಾ ತುಣುಕು ತುಣುಕಾಗಿ ತರುತ್ತದೆ, ಮಿದುಳು ಹೊಲಿಯುತ್ತದೆ. ನೆಗೆಯುವ ಕ್ಷಣದ ಕಲಸಿದ ಚಿತ್ರವನ್ನು ಅದುಮಿಬಿಡುತ್ತದೆ. ಕನ್ನಡಿ ಮುಂದೆ ನಿಂತು ಎಡಗಣ್ಣು, ಬಲಗಣ್ಣು ಬದಲಿಸಿ ನೋಡಿ. ನಿಮ್ಮ ಕಣ್ಣು ಚಲಿಸುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ಕಣ್ಣಲ್ಲಿ ಕುರುಡು ಚುಕ್ಕೆ ಇದೆ ಅನ್ನುವುದು ನಿಜವಾ?

ನಿಜ. ನರದ ಎಳೆಗಳು ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ರಾಡೂ ಇಲ್ಲ, ಕೋನೂ ಇಲ್ಲ. ಒಂದು ಬಿಳಿ ಹಾಳೆಯಲ್ಲಿ ಎಡಕ್ಕೆ ಗುಣಾಕಾರದ ಗುರುತು, ಅದರಿಂದ 7 ಸೆಂಟಿಮೀಟರ್ ಬಲಕ್ಕೆ ಒಂದು ದಪ್ಪ ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಗುಣಾಕಾರವನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನ ಹತ್ತಿರ ತನ್ನಿ. ಸುಮಾರು 25 ಸೆಂಟಿಮೀಟರ್ ದೂರಕ್ಕೆ ಬಂದಾಗ ಚುಕ್ಕೆ ಮಾಯ! ಆ ಜಾಗದಲ್ಲಿ ಕಪ್ಪು ತೂತು ಕಾಣುವುದಿಲ್ಲ, ಬಿಳಿ ಹಾಳೆಯೇ ಕಾಣುತ್ತದೆ. ಸುತ್ತಮುತ್ತಲು ಬಿಳಿ ಇರುವುದರಿಂದ ಇಲ್ಲೂ ಬಿಳಿಯೇ ಇರಬೇಕು ಎಂದು ಮಿದುಳು ತೀರ್ಮಾನಿಸಿಬಿಟ್ಟಿದೆ. 1660ರ ದಶಕದಲ್ಲಿ ಫ್ರಾನ್ಸಿನ ಮಾರಿಯೊಟ್ ಇದನ್ನು ಕಂಡುಹಿಡಿದ. ಶಾಲೆಯಲ್ಲಿ ಇದನ್ನು ಮಾಡಿಸಿದರೆ ಮತ್ತೆ ಹತ್ತು ನಿಮಿಷ ಕ್ಲಾಸು ಕೈಗೆ ಸಿಗುವುದಿಲ್ಲ.

ಸುರಂಗದೊಳಗೆ ಹೋದಾಗ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಕಾಣುತ್ತದೆ. ಯಾಕೆ?

ಬಾಯಾರು, ಎಣ್ಮಕಜೆ ಕಡೆಯವರಿಗೆ ಇದು ಹೇಳಿಕೊಡಬೇಕಾಗಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ ಬಿಸಿಲಿನಿಂದ ನುಗ್ಗಿದರೆ ಗಾಢ ಕತ್ತಲು. ಕಣ್ಣಿನ ಪಾಪೆ ಹಿಗ್ಗುವುದು ಕೆಲವೇ ಸೆಕೆಂಡಿನ ಕೆಲಸ, ಅದರಿಂದ ಸಿಗುವುದೂ ಸ್ವಲ್ಪವೇ. ನಿಜವಾದ ಕೆಲಸ ರಾಡ್‌ಗಳದ್ದು. ಅವುಗಳಲ್ಲಿ ರೊಡಾಪ್ಸಿನ್ ಎಂಬ ಬಣ್ಣದ ವಸ್ತು ಇದೆ. ಬಿಸಿಲಿಗೆ ಅದು ಕರಗಿಹೋಗಿರುತ್ತದೆ. ಕತ್ತಲಲ್ಲಿ ಮತ್ತೆ ತುಂಬಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟರಲ್ಲಿ ಯಾರಾದರೂ ಮುಖಕ್ಕೆ ಟಾರ್ಚ್ ಬಿಟ್ಟರೆ ಎಲ್ಲಾ ಮೊದಲಿನಿಂದ ಶುರು. ಹೊರಗೆ ಬಂದಾಗ ಮಾತ್ರ ಬೇಗ ಸರಿಹೋಗುತ್ತದೆ, ಯಾಕೆಂದರೆ ಕೋನ್‌ಗಳು ಚುರುಕು.

ರೊಡಾಪ್ಸಿನ್ ಮಾಡಲು ವಿಟಮಿನ್ ಎ ಬೇಕು. ಅದು ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ ತಿನ್ನಿ. ಆದರೆ ಎಷ್ಟು ತಿಂದರೂ ಕನ್ನಡಕದ ನಂಬರ್ ಇಳಿಯುವುದಿಲ್ಲ.

ಇನ್ನೊಂದು ವಿಷಯ. ಮುಸ್ಸಂಜೆ ಹೊತ್ತು ಅಂಗಳದ ಕೆಂಪು ದಾಸವಾಳ ನೋಡಿ. ಹೂ ಕಪ್ಪಾಗುತ್ತಾ ಹೋಗುತ್ತದೆ, ಎಲೆ ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತದೆ. ರಾಡ್‌ಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ. ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಗುರುತಿಸಿದವನು ಚೆಕ್ ವಿಜ್ಞಾನಿ ಪುರ್ಕಿನ್ಯೆ.

ಯಕ್ಷಗಾನದಲ್ಲಿ ದೊಂದಿಯ ಹಳದಿ ಬೆಳಕಿನಲ್ಲೂ ವೇಷದ ಬಿಳಿ ಬಿಳಿಯಾಗಿಯೇ ಕಾಣುತ್ತಿತ್ತು. ಈಗಿನ ಲೈಟಿನಲ್ಲಿ ಬಣ್ಣ ಯಾಕೆ ಕೆಟ್ಟು ಹೋಗುತ್ತದೆ?

ಇದು ನನಗೆ ಇಷ್ಟವಾದ ಪ್ರಶ್ನೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ದೊಂದಿಯ ಬೆಂಕಿ ಹಳದಿ-ಕೆಂಪು. ಆ ಬೆಳಕಿನಲ್ಲಿ ಮುಖಕ್ಕೆ ಇಟ್ಟ ಚುಟ್ಟಿಯ ಬಿಳಿಯಿಂದ ಕಣ್ಣಿಗೆ ಬರುವುದೂ ಹಳದಿ ಬೆಳಕೇ. ಕ್ಯಾಮರಾ ಅದನ್ನು ಹಳದಿ ಎಂದೇ ಹಿಡಿಯುತ್ತದೆ. ಮಿದುಳು ಹಾಗೆ ಮಾಡುವುದಿಲ್ಲ. ಸುತ್ತಲಿನದ್ದೆಲ್ಲ ಹಳದಿಗೆ ವಾಲಿದೆ ಅಂದರೆ ಬೆಳಕೇ ಹಳದಿ ಇರಬೇಕು ಎಂದು ಅಷ್ಟು ಹಳದಿಯನ್ನು ಕಳೆದುಬಿಡುತ್ತದೆ. ಹೀಗಾಗಿ ಬಿಳಿ ಬಿಳಿಯಾಗಿಯೇ, ಕಿರೀಟದ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಬೆಂಕಿಯ ಬೆಳಕಿನಲ್ಲಿ ಹಲವು ಬಣ್ಣಗಳು ಒಂದರ ಪಕ್ಕ ಒಂದು ಬೆರೆತಿರುವುದರಿಂದ ಈ ಲೆಕ್ಕ ಸರಿಬರುತ್ತದೆ. ಕಡಿಮೆ ಗುಣಮಟ್ಟದ ಕೆಲವು ಎಲ್‌ಇಡಿ ದೀಪಗಳಲ್ಲಿ ಕೆಂಪಿನ ಪಾಲೇ ಕಮ್ಮಿ. ಇಲ್ಲದ ಬೆಳಕನ್ನು ಮಿದುಳು ಎಲ್ಲಿಂದ ತರಬೇಕು? ಬಣ್ಣಬಣ್ಣದ ಲೈಟು ಹಾಕಿ ತಿರುಗಿಸಿದರಂತೂ ಲೆಕ್ಕ ಹಾಕಲು ಪುರುಸೊತ್ತೂ ಇಲ್ಲ. ರಂಗಸ್ಥಳಕ್ಕೆ ಸುಮ್ನೆ ಒಳ್ಳೆಯ ಬಿಳಿ ಬೆಳಕು ಸಾಕು ಎನ್ನುವುದು ನನ್ನ ಅಭಿಪ್ರಾಯ. ಸಂಘಟಕರು ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

2015ರಲ್ಲಿ ಇಂಟರ್ನೆಟ್‌ನಲ್ಲಿ ಒಂದು ಉಡುಪಿನ ಫೋಟೊ ಓಡಾಡಿತ್ತು, ನೆನಪಿದೆಯಾ? ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನದ ಬಣ್ಣ. ನಿಜವಾದ ಉಡುಪು ನೀಲಿ-ಕಪ್ಪು. ಫೋಟೊದಲ್ಲಿ ಬೆಳಕು ಯಾವ ಬಣ್ಣದ್ದು ಎನ್ನುವ ಸುಳಿವು ಸರಿಯಾಗಿ ಇರಲಿಲ್ಲ. ಒಬ್ಬೊಬ್ಬರ ಮಿದುಳು ಒಂದೊಂದು ಬೆಳಕನ್ನು ಊಹಿಸಿ ಕಳೆಯಿತು.

ರಾಕ್ಷಸರ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ಕಪ್ಪು-ಕೆಂಪಿನ ಪಕ್ಕ ಬಿಳಿ ಗೆರೆ ಎಳೆಯುವುದೂ ಕಣ್ಣಿನ ವಿಜ್ಞಾನಕ್ಕೆ ಚೆನ್ನಾಗಿ ಹೊಂದುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1950ರ ದಶಕದ ಕೊನೆಯಲ್ಲಿ ಬೆಕ್ಕಿನ ದೃಷ್ಟಿ ಮಿದುಳನ್ನು ಪರೀಕ್ಷಿಸಿದರು. ಅಲ್ಲಿನ ಕೋಶಗಳು ಸಾದಾ ಬೆಳಕಿಗಿಂತ ಅಂಚುಗಳಿಗೆ, ಅದೂ ಒಂದೊಂದು ಕೋಶ ಒಂದೊಂದು ಓರೆಯ ಗೆರೆಗೆ ಮಿಡಿಯುತ್ತಿದ್ದವು. 1981ರಲ್ಲಿ ಅವರಿಗೆ ನೊಬೆಲ್ ಬಂತು. ಮಬ್ಬು ಬೆಳಕಿನಲ್ಲಿ, ದೂರ ಕೂತವನಿಗೆ ರಾಕ್ಷಸನ ಮುಖ ತಲುಪಬೇಕಾದರೆ ಅಂಚು ಗಟ್ಟಿ ಇರಬೇಕು. ನಮ್ಮ ಹಿರಿಯ ವೇಷಧಾರಿಗಳಿಗೆ ಅದು ಕೈಯ ಅನುಭವದಿಂದಲೇ ಗೊತ್ತಿತ್ತು.

ಬಣ್ಣಗುರುಡು ಗುಣವಾಗುತ್ತದಾ?

ಹುಟ್ಟಿನಿಂದ ಬಂದದ್ದು ಸದ್ಯಕ್ಕೆ ಇಲ್ಲ. ಕೋನ್‌ಗಳಲ್ಲಿ ಮೂರು ಬಗೆ. ಅದರಲ್ಲೊಂದು ಇಲ್ಲದಿದ್ದರೆ ಅಥವಾ ಬದಲಾಗಿದ್ದರೆ ಕೆಂಪು-ಹಸಿರು ಗೊಂದಲವಾಗುತ್ತದೆ. ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಗಂಡಸರಲ್ಲೇ ಜಾಸ್ತಿ. ತೋಟದಲ್ಲಿ ಹಣ್ಣಡಿಕೆ ಯಾವುದು, ಕಾಯಿ ಯಾವುದು ಎಂದು ಮಗ ತಡವರಿಸಿದರೆ ಬೈಯುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ಸೇತುವೆ ಮೇಲಿಂದ ಹೊಳೆ ನೋಡಿ ತಲೆ ಎತ್ತಿದರೆ ದಡವೇ ಚಲಿಸಿದಂತೆ ಕಾಣುತ್ತದೆ. ತಲೆಸುತ್ತಾ?

ಅಲ್ಲ. ಪಯಸ್ವಿನಿ ಕೆಂಪಾಗಿ ತುಂಬಿ ಹರಿಯುವಾಗ ಒಂದೇ ಕಡೆ ಅರ್ಧ ನಿಮಿಷ ದಿಟ್ಟಿಸಿ. ಆಮೇಲೆ ದಡದ ಕಲ್ಲು ನೋಡಿ. ಕಲ್ಲು ಹರಿವಿನ ಎದುರು ದಿಕ್ಕಿಗೆ ತೇಲುತ್ತದೆ, ಆದರೆ ಇದ್ದಲ್ಲೇ ಇರುತ್ತದೆ! ಮಿದುಳಿನಲ್ಲಿ ಒಂದೊಂದು ದಿಕ್ಕಿನ ಚಲನೆಗೆ ಬೇರೆ ಬೇರೆ ಕೋಶಗಳಿವೆ. ಒಂದೇ ದಿಕ್ಕಿನವು ಕೆಲಸ ಮಾಡಿ ದಣಿದಾಗ ಎದುರಿನವುಗಳ ಕೈ ಮೇಲಾಗುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಜಲಪಾತವೊಂದರ ಎದುರು ಇದನ್ನೇ ಕಂಡು ಬರೆದಿಟ್ಟ. ಸೇತುವೆಯ ಕಟ್ಟೆಗೆ ಮಾತ್ರ ಒರಗಬೇಡಿ.

ಬೇಕಲದ ಮರಳಿನಲ್ಲಿ ತೆಗೆದ ಹೆಜ್ಜೆಗುರುತಿನ ಫೋಟೊ ತಿರುಗಿಸಿದರೆ ಗುಳಿ ಉಬ್ಬಾಗುತ್ತದೆ. ಇದೇನು?

ಸಂಜೆ ಕಡಲಿಗೆ ಮುಖ ಮಾಡಿ ತೆಗೆದ ಫೋಟೊ ಆಗಿದ್ದರೆ ಚೆನ್ನಾಗಿ ಗೊತ್ತಾಗುತ್ತದೆ. ಫೋನಿನ ಆಟೊ ರೊಟೇಟ್ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಅದೂ ನಿಮ್ಮ ಜೊತೆ ತಿರುಗುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ಮಿದುಳು ನಂಬಿಕೊಂಡಿದೆ. ಮೇಲೆ ಹೊಳಪು, ಕೆಳಗೆ ನೆರಳು ಇದ್ದರೆ ಉಬ್ಬು. ಮೇಲೆ ನೆರಳಿದ್ದರೆ ತಗ್ಗು. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಸರಳ ವೃತ್ತಗಳನ್ನು ಬಳಸಿ ಇದನ್ನು ಅಂದವಾಗಿ ತೋರಿಸಿದರು. ಉಪಗ್ರಹದ ಚಿತ್ರಗಳಲ್ಲಿ ಕೆಲವೊಮ್ಮೆ ಗುಡ್ಡ ಕಣಿವೆಯಾಗಿ, ಕಣಿವೆ ಗುಡ್ಡವಾಗಿ ಕಾಣುವುದಕ್ಕೂ ಇದೇ ಕಾರಣ.

ಮಲಯಾಳ ಬೋರ್ಡ್ ನನಗೆ ಬರೀ ಸುರುಳಿ. ನನ್ನ ಮಗಳು ಕಣ್ಣು ಹಾಯಿಸಿದರೆ ಸಾಕು, ಓದಿ ಮುಗಿಸುತ್ತಾಳೆ. ಇಬ್ಬರ ಕಣ್ಣೂ ಒಂದೇ ಅಲ್ಲವಾ?

ಕಣ್ಣು ಒಂದೇ. ಮಿದುಳಿಗೆ ಆಗಿರುವ ಅಭ್ಯಾಸ ಬೇರೆ.

ಓದು ಕಲಿತವರ ಎಡ ಮಿದುಳಿನ ತಳಭಾಗದಲ್ಲಿ, ಹಿಂಬದಿಗೆ, ಒಂದು ಸಣ್ಣ ಜಾಗ ಅಕ್ಷರಕ್ಕೆಂದೇ ಪಳಗುತ್ತದೆ. ಓದುವುದು ಯಾವ ಲಿಪಿಯಾದರೂ ಅದು ಹೆಚ್ಚುಕಡಿಮೆ ಅದೇ ಜಾಗ. ಹುಟ್ಟುವಾಗ ಅಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷ ಆಗಿರಬಹುದು. ಅದಕ್ಕಾಗಿ ಬೇರೆ ಅಂಗ ಬೆಳೆಯಲು ಅಷ್ಟು ಸಮಯ ಸಾಲದು. ಆಕಾರಗಳನ್ನು ಗುರುತಿಸುತ್ತಿದ್ದ ಜಾಗವನ್ನೇ ಓದು ತನ್ನದಾಗಿ ಮಾಡಿಕೊಂಡಿತು.

ಒಮ್ಮೆ ಪಳಗಿದ ಮೇಲೆ ಓದದೆ ಇರುವುದು ನಮ್ಮ ಕೈಯಲ್ಲಿ ಇಲ್ಲ. "ಹಸಿರು" ಎಂಬ ಪದವನ್ನು ಕೆಂಪು ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಹೇಳಿ ಎಂದರೆ ನಾಲಿಗೆ ತಡವರಿಸುತ್ತದೆ. ಇದನ್ನು ಸ್ಟ್ರೂಪ್ ಎಂಬವರು 1935ರಲ್ಲಿ ತೋರಿಸಿದರು. ನಮ್ಮಲ್ಲಿ ಇದನ್ನು ಎರಡು ಲಿಪಿಯಲ್ಲಿ ಆಡಿಸಬಹುದು. ಕೆಂಪು ಶಾಯಿಯಲ್ಲಿ ಮಲಯಾಳ ಅಕ್ಷರದ "ಪಚ್ಚ" (ಅಂದರೆ ಹಸಿರು) ಬರೆದರೆ ಮಗಳು ತಡವರಿಸುತ್ತಾಳೆ, ಅಮ್ಮ ಥಟ್ಟನೆ ಕೆಂಪು ಅನ್ನುತ್ತಾಳೆ. ಓದಲು ಬಾರದಿರುವುದೂ ಒಮ್ಮೊಮ್ಮೆ ಲಾಭವೇ, ನೋಡಿ.

ಏಳು ಭಾಷೆಗಳ ಊರು ಎಂದು ಹೇಳಿಕೊಳ್ಳುವ ಕಾಸರಗೋಡಿನಲ್ಲಿ ಇದು ದಿನದ ಪಾಡು. ಕನ್ನಡ ಮಾತ್ರ ಓದುವ ಹಿರಿಯರು ಬಸ್ಸನ್ನು ಬಣ್ಣ ನೋಡಿ, ಹೊತ್ತು ನೋಡಿ, ಬೋರ್ಡಿನ ಪದದ ಒಟ್ಟು ಆಕಾರ ನೋಡಿ ಗುರುತಿಸುತ್ತಾರೆ. ಅವರೂ ಒಂದು ರೀತಿ ಓದುತ್ತಿದ್ದಾರೆ. ಹೊಸ ರೂಟಿನ ಬಸ್ಸು ಬಂದರೆ ಮಾತ್ರ ಆ ವಿದ್ಯೆ ಕೈಕೊಡುತ್ತದೆ. ಬೋರ್ಡಿನಲ್ಲಿ ಕನ್ನಡವೂ ಇರಲಿ ಎಂದು ಕೇಳುವುದನ್ನು ಬರೀ ಭಾಷಾಭಿಮಾನ ಅಂತ ತಳ್ಳಿಹಾಕುವವರಿಗೆ ನಾನು ಇದನ್ನೇ ಹೇಳುವುದು. ಓಡುವ ಬಸ್ಸಿನ ಬೋರ್ಡ್ ಓದಲು ಸಿಗುವುದು ಒಂದೆರಡು ಸೆಕೆಂಡ್. ಪಳಗಿದ ಲಿಪಿ ಆ ಹೊತ್ತಿಗೆ ದಕ್ಕುತ್ತದೆ, ಪಳಗದ ಲಿಪಿ ದಕ್ಕುವುದಿಲ್ಲ.

ವೇಗದ ಬೌಲಿಂಗನ್ನು ಬ್ಯಾಟ್ಸ್‌ಮನ್ ನೋಡಿ ಹೊಡೆಯುತ್ತಾನಾ?

ಪೂರ್ತಿ ನೋಡಲು ಸಮಯವೇ ಇಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಕಣ್ಣಿನ ಸುದ್ದಿ ಮಿದುಳಿಗೆ ತಲುಪಿ ಅರ್ಥವಾಗಲು, ಆಮೇಲೆ ಕೈ ಬೀಸಲು ಅದರಲ್ಲೇ ಪಾಲು ಬೇಕು. 2000ದಲ್ಲಿ ಇಂಗ್ಲೆಂಡಿನ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ ಬ್ಯಾಟ್ಸ್‌ಮನ್‌ಗಳ ಕಣ್ಣಿನ ಜಾಡು ಹಿಡಿದರು. ಚೆಂಡು ಕೈ ಬಿಟ್ಟದ್ದನ್ನು ಅವರು ನೋಡುತ್ತಾರೆ. ಆಮೇಲೆ ಕಣ್ಣು ನೇರ ಚೆಂಡು ಪುಟಿಯುವ ಜಾಗಕ್ಕೆ ನೆಗೆದು, ಅಲ್ಲಿ ಕಾದು ಕೂರುತ್ತದೆ. ಒಳ್ಳೆಯ ಆಟಗಾರನ ಕಣ್ಣು ಬೇಗ ನೆಗೆಯುತ್ತದೆ. ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಕೇರಳ ತಂಡಕ್ಕಾಗಿ 2021ರ ಜನವರಿಯಲ್ಲಿ ಮುಂಬೈ ವಿರುದ್ಧ 54 ಚೆಂಡಿಗೆ 137 ಹೊಡೆದದ್ದು ಊರಲ್ಲಿ ಎಲ್ಲರಿಗೂ ಬಾಯಿಪಾಠ. ಅಂಥ ಇನಿಂಗ್ಸ್ ಮತ್ತೆ ನೋಡುವಾಗ ಬ್ಯಾಟ್ ಬಿಟ್ಟು ತಲೆ ಎತ್ತ ತಿರುಗುತ್ತದೆ ಎಂದು ಗಮನಿಸಿ.

ಅಜ್ಜಿಗೆ ಇಲ್ಲದ ಜನ ಕಾಣುತ್ತಾರೆ. ಏನಾದರೂ ಉಪದ್ರವಾ?

ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಮುಗಿದ ಮೇಲೆ ಬದಿಗೆ ಕರೆದು ಮೆಲ್ಲ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ಪೊರೆಯಿಂದಲೋ, ರೆಟಿನಾ ಸವೆದೋ ದೃಷ್ಟಿ ತುಂಬಾ ಕುಂದಿದ ಹಿರಿಯರಲ್ಲಿ ಕೆಲವರಿಗೆ ಹೀಗೆ ಆಗುತ್ತದೆ. ಅಂಗಳದಲ್ಲಿ ಸಣ್ಣ ಸಣ್ಣ ಮನುಷ್ಯರು, ಅಪರಿಚಿತ ಮುಖಗಳು, ಗೋಡೆಯ ತುಂಬ ಬಲೆಯಂಥ ಚಿತ್ತಾರ. ಸದ್ದು ಇರುವುದಿಲ್ಲ. ಹಾಗೆ ಕಾಣುವ ಜನ ಮಾತಾಡುವುದಿಲ್ಲ, ಸುಮ್ಮನೆ ಇರುತ್ತಾರೆ. ಹೆಚ್ಚಿನವರಿಗೆ ಇದು ನಿಜ ಅಲ್ಲ ಎಂದು ಗೊತ್ತೇ ಇರುತ್ತದೆ. ಹುಚ್ಚು ಅಂದುಕೊಂಡಾರು ಎಂಬ ಹೆದರಿಕೆಗೆ ಬಾಯಿ ಬಿಡುವುದಿಲ್ಲ. ಜಿನೀವಾದ ಚಾರ್ಲ್ಸ್ ಬೊನೆ ಎಂಬವರು ತಮ್ಮ ಅಜ್ಜನಿಗೆ ಹೀಗಾಗುವುದನ್ನು 1760ರಲ್ಲಿ ಬರೆದಿಟ್ಟರು. ಈ ಸ್ಥಿತಿಗೆ ಅವರದ್ದೇ ಹೆಸರಿದೆ.

ಕಾರಣ ಮೊದಲ ಉತ್ತರದಲ್ಲೇ ಇದೆ. ಕಣ್ಣಿನಿಂದ ಸುದ್ದಿ ಬರುವುದು ಕಮ್ಮಿಯಾದಾಗ ಮಿದುಳಿನ ಊಹೆಯನ್ನು ತಿದ್ದುವವರಿಲ್ಲ. ದೃಷ್ಟಿ ಮಿದುಳು ತನ್ನಷ್ಟಕ್ಕೆ ಮಿಡಿದು ಚಿತ್ರ ಕಟ್ಟುತ್ತದೆ.

ಆದ್ದರಿಂದ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಆಗಿದ್ದರೆ ಆಪರೇಶನ್ ನಂತರ ಇದು ನಿಂತುಹೋಗುವುದುಂಟು. ಕೋಣೆಗೆ ಬೆಳಕು ಜಾಸ್ತಿ ಮಾಡಿ. ಕಂಡಾಗ ಕಣ್ಣು ಮಿಟುಕಿಸಿ, ಅತ್ತಿತ್ತ ನೋಡಲು ಹೇಳಿ. ಮುಖ್ಯವಾಗಿ, ಅಜ್ಜಿಯ ಮಾತು ನಂಬಿ. ಆದರೆ ಧ್ವನಿಯೂ ಕೇಳುತ್ತಿದ್ದರೆ, ಇದ್ದಕ್ಕಿದ್ದಂತೆ ಗೊಂದಲವಾದರೆ, ಜ್ವರ ಇದ್ದರೆ ಅಥವಾ ಹೊಸ ಮಾತ್ರೆ ಶುರುಮಾಡಿದ ಮೇಲೆ ಹೀಗಾಗಿದ್ದರೆ ಬೇರೆ ಕಾರಣ ಇರಬಹುದು. ತಡಮಾಡಬೇಡಿ.

ಹುಟ್ಟುಕುರುಡರಿಗೆ ದೃಷ್ಟಿ ಬಂದರೆ ಕೂಡಲೇ ಎಲ್ಲ ಗೊತ್ತಾಗುತ್ತದಾ?

ಇಲ್ಲ. ಮುಟ್ಟಿ ಗೊತ್ತಿದ್ದ ಚೆಂಡನ್ನು ಮೊದಲ ಸಲ ನೋಡಿದವನು ಗುರುತಿಸಬಲ್ಲನೇ ಎಂದು ಮೊಲಿನೊ ಎಂಬವರು 1688ರಲ್ಲೇ ಕೇಳಿದ್ದರು. ಉತ್ತರ ಸಿಕ್ಕಿದ್ದು ಭಾರತದಲ್ಲಿ. ಹುಟ್ಟುಕುರುಡು ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ ಪೊರೆ ತೆಗೆಸಿಕೊಂಡ ಮಕ್ಕಳಿಗೆ ಮೊದಲ ಪರೀಕ್ಷೆಯಲ್ಲಿ ಗುರುತು ಸಿಗಲಿಲ್ಲ. ಕೆಲವೇ ದಿನಗಳಲ್ಲಿ ಕಲಿತರು. 2011ರಲ್ಲಿ ಇದು ಪ್ರಕಟವಾಯಿತು.

ಹೆತ್ತವರು ಒಂದು ವಿಷಯ ನೆನಪಿಡಿ. ಮಗುವಿನ ಒಂದು ಕಣ್ಣು ಮಸುಕಾಗಿದ್ದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗು ದೂರು ಹೇಳುವುದೇ ಇಲ್ಲ. ಶಾಲೆಗೆ ಸೇರಿಸುವ ಮೊದಲೇ ಒಂದೊಂದೇ ಕಣ್ಣು ಮುಚ್ಚಿ ಪರೀಕ್ಷೆ ಮಾಡಿಸಿ. ಏಳೆಂಟು ವರ್ಷದೊಳಗೆ ಗೊತ್ತಾದರೆ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ.

ಗ್ರಹಣವನ್ನು ಎಕ್ಸ್‌ರೇ ಫಿಲ್ಮಿನಲ್ಲಿ ನೋಡಬಹುದಾ?

ಬೇಡ. ಮಸಿ ಗಾಜು, ಸೆಗಣಿ ನೀರು, ಕೂಲಿಂಗ್ ಗ್ಲಾಸ್ ಯಾವುದೂ ಬೇಡ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟದ್ದು ತಿಳಿಯುವುದು ಆಮೇಲೆ. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ನೋಡಲು ಜನ ಸೇರಿದ್ದು ಸರಿಯಾದ ಕನ್ನಡಕ ಹಾಕಿಕೊಂಡೇ. ಅದು ಇಲ್ಲದಿದ್ದರೆ ಮರದ ಕೆಳಗೆ ನೆಲ ನೋಡಿ. ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಒಂದೊಂದು ಗ್ರಹಣ.

ಮೊಬೈಲಿನ ನೀಲಿ ಬೆಳಕು ಕಣ್ಣು ಹಾಳು ಮಾಡುತ್ತದಾ?

ಹಾಗೆ ಸಾಬೀತಾಗಿಲ್ಲ. ಕಣ್ಣು ಉರಿಯುವುದು ನಾವು ಮಿಟುಕಿಸುವುದನ್ನು ಕಮ್ಮಿ ಮಾಡುವುದರಿಂದ. ಮಕ್ಕಳನ್ನು ದಿನಾ ಹೊರಗೆ ಆಡಲು ಬಿಡಿ. ಬಯಲ ಬೆಳಕಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಮಕ್ಕಳಿಗೆ ದೂರ ಕಾಣದ ತೊಂದರೆ ಶುರುವಾಗುವುದು ಕಡಿಮೆ.

ಕಣ್ಣೆದುರು ನೂಲಿನಂತೆ ಏನೋ ತೇಲುತ್ತದೆ. ಹೆದರಬೇಕಾ?

ಹಳೆಯದಾಗಿದ್ದರೆ ಬೇಡ. ಒಮ್ಮೆಲೇ ಜಾಸ್ತಿಯಾಗಿ, ಮಿಂಚು ಹೊಡೆದಂತೆ ಅಥವಾ ಬದಿಯಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಡೀ ಕಣ್ಣನ್ನೇ ಬದಲಿಸಬಹುದಾ?

ದೃಷ್ಟಿ ಬರುವಂತೆ ಇನ್ನೂ ಆಗಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬರಿಗೆ ಪೂರ್ತಿ ಕಣ್ಣು ಜೋಡಿಸಿದರು. ಕಣ್ಣು ಜೀವಂತವಾಗಿ ಉಳಿಯಿತು, ದೃಷ್ಟಿ ಬರಲಿಲ್ಲ. ಕಣ್ಣಿನ ನರದ ಕಡಿದ ಆ ಹತ್ತು ಲಕ್ಷ ಎಳೆಗಳು ಮಿದುಳಿಗೆ ಮತ್ತೆ ದಾರಿ ಹುಡುಕಿಕೊಳ್ಳುವುದಿಲ್ಲ. ನೇತ್ರದಾನದಲ್ಲಿ ಇನ್ನೊಬ್ಬರಿಗೆ ಹಾಕುವುದು ಕಾರ್ನಿಯಾ ಮಾತ್ರ. ದಾನಕ್ಕೆ ವಯಸ್ಸು, ಕನ್ನಡಕ, ಸಕ್ಕರೆ ಕಾಯಿಲೆ ಅಡ್ಡಿ ಅಲ್ಲ. ಮರಣದ ನಂತರ ಆರು ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಿ.